ಮೂರು ಗಂಟೆಯ ಮಾತು

1945ರ ಆಗಸ್ಟ್ 28ರಂದು ಬ್ರೂಕ್ಲಿನ್‌ನ ಮಾಂಟೆಗ್ಯೂ ರಸ್ತೆಯ ಕಚೇರಿಯೊಂದಕ್ಕೆ ಬಂದ ಜಾಕಿ ರಾಬಿನ್ಸನ್‌ಗೆ ಗೊತ್ತಿದ್ದದ್ದು ಇಷ್ಟೇ: 'ಬ್ರೌನ್ ಡಾಡ್ಜರ್ಸ್' ಎಂಬ ಹೊಸ ಕಪ್ಪು ಆಟಗಾರರ ತಂಡಕ್ಕೆ ಜನ ಬೇಕಾಗಿದ್ದಾರೆ. ಅವರನ್ನು ಕರೆತಂದ ಕ್ಲೈಡ್ ಸುಕೆಫೋರ್ತ್‌ಗೂ ನಿಜವಾದ ಉದ್ದೇಶವನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಮೇಜಿನ ಆಚೆ ಕೂತಿದ್ದವರು ಬ್ರೂಕ್ಲಿನ್ ಡಾಡ್ಜರ್ಸ್ ತಂಡದ ಮುಖ್ಯಸ್ಥ ಬ್ರ್ಯಾಂಚ್ ರಿಕಿ. ಅಮೆರಿಕದ ಬೇಸ್‌ಬಾಲಿನಲ್ಲಿ ಅವರಷ್ಟು ಮಾತಾಡಿದ ಇನ್ನೊಬ್ಬ ಆಡಳಿತಗಾರ ಇರಲಿಕ್ಕಿಲ್ಲ. ಅಂಥ ಮನುಷ್ಯ ತನ್ನ ಬದುಕಿನ ದೊಡ್ಡ ಕೆಲಸವನ್ನು ಮಾಡಿದ್ದು ಬಾಯಿ ಮುಚ್ಚಿಕೊಂಡು ಎಂಬುದು ನನಗೆ ಇಂದಿಗೂ ಸೋಜಿಗ.

ರಿಕಿ ಹುಟ್ಟಿದ್ದು 1881ರಲ್ಲಿ, ಒಹಾಯೋದ ರೈತ ಕುಟುಂಬದಲ್ಲಿ. ಆಟಗಾರನಾಗಿ ಅವರದು ಹೇಳಿಕೊಳ್ಳುವಂಥ ಸಾಧನೆಯಲ್ಲ. ಅವರು ಕ್ಯಾಚರ್, ಅಂದರೆ ಹೆಚ್ಚುಕಡಿಮೆ ನಮ್ಮ ವಿಕೆಟ್ ಕೀಪರ್ ಇದ್ದ ಹಾಗೆ. 1907ರ ಒಂದು ಪಂದ್ಯದಲ್ಲಿ ಎದುರಾಳಿಗಳು ಅವರ ಕಣ್ಣೆದುರೇ 13 ಸಲ ಬೇಸ್ ಕದ್ದರು. ಆಮೇಲೆ ಕ್ಷಯ ಬಂತು. ಚೇತರಿಸಿಕೊಂಡು ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಕಾನೂನು ಓದುತ್ತಲೇ ಅಲ್ಲಿನ ಬೇಸ್‌ಬಾಲ್ ತಂಡದ ಕೋಚ್ ಆದರು. ಐಡಾಹೋದ ಬಾಯ್ಸಿಯಲ್ಲಿ ವಕೀಲಿಕೆ ಶುರುಮಾಡಿದರೆ ಕಕ್ಷಿದಾರರೇ ಬರಲಿಲ್ಲ. ಮತ್ತೆ ಕೋಚ್ ಕೆಲಸವೇ ಕೈಹಿಡಿಯಿತು. ಮಿಷಿಗನ್‌ನಲ್ಲಿ ಅವರ ಕೈಯಲ್ಲಿ ಪಳಗಿದ ಜಾರ್ಜ್ ಸಿಸ್ಲರ್ ಮುಂದೆ ಆ ಆಟದ ಮಹಾರಥಿಗಳಲ್ಲಿ ಒಬ್ಬರಾದರು.

ನ್ಯಾಯಾಲಯದಲ್ಲಿ ನಡೆಯದ ವಾದಸರಣಿ ಬೇಸ್‌ಬಾಲ್ ವ್ಯವಹಾರದಲ್ಲಿ ನಡೆಯಿತು. ಸೇಂಟ್ ಲೂಯಿಸ್‌ನಲ್ಲಿದ್ದಾಗ ಕಿರಿಯ ತಂಡಗಳ ಜಾಲ ಕಟ್ಟಿ, ಆಟಗಾರರನ್ನು ಕೊಳ್ಳುವ ಬದಲು ಬೆಳೆಸಿಕೊಳ್ಳುವ ಪದ್ಧತಿ ತಂದರು. ಸಂಬಳದ ಮಾತಿಗೆ ಬಂದ ಆಟಗಾರ ಅವರ ಮಾತಿನ ಮಳೆಯಲ್ಲಿ ತೊಯ್ದು, ಕೇಳಿದ್ದಕ್ಕಿಂತ ಕಡಿಮೆಗೆ ಸಹಿ ಹಾಕಿ ಹೊರಬರುತ್ತಿದ್ದ. ಪತ್ರಕರ್ತರು ಅವರ ಕಚೇರಿಗೆ 'ಗಾಳಿಗಳ ಗುಹೆ' ಎಂದು ಹೆಸರಿಟ್ಟಿದ್ದರು. ಆದರೆ ಅವರು ಬರೆಸಿದ ಆಟಗಾರರ ವರದಿಗಳು ಬೇರೆಯೇ ಜಾತಿ. ತೋಳಿನ ಬಲ, ಓಟ, ಚೆಂಡಿನ ತಿರುವು, ಹುಡುಗನ ಸ್ವಭಾವ, ಎಲ್ಲದರ ಬಗ್ಗೆಯೂ ನೇರ ತೀರ್ಮಾನ. ಅವು ಈಗ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ.

ಕಪ್ಪು ಆಟಗಾರರನ್ನು ಹೊರಗಿಟ್ಟದ್ದು ಮಾತ್ರ ಯಾವ ಕಾಗದದ ಮೇಲೂ ಬರೆದಿಟ್ಟ ನಿಯಮವಲ್ಲ. ಮಾಲೀಕರು ತಮ್ಮತಮ್ಮಲ್ಲೇ ಒಪ್ಪಿಕೊಂಡಿದ್ದ ಮೌನ ಅದು. ಅದನ್ನು ಮುರಿಯಲು ರಿಕಿ ಸುಳ್ಳು ತಂಡವೊಂದರ ಮರೆ ಮಾಡಿಕೊಂಡರು. ಯಾಕೆ ಮುರಿದರು ಎಂದು ಕೇಳಿದವರಿಗೆ ಅವರು ಹೇಳುತ್ತಿದ್ದದ್ದು ಚಾರ್ಲ್ಸ್ ಥಾಮಸ್‌ನ ಕಥೆ. ಒಹಾಯೋ ವೆಸ್ಲಿಯನ್ ಕಾಲೇಜಿನ ತಂಡಕ್ಕೆ ರಿಕಿ ಕೋಚ್ ಆಗಿದ್ದಾಗ ಸೌತ್ ಬೆಂಡ್‌ನ ಹೋಟೆಲಿನವರು ಕಪ್ಪು ಹುಡುಗನಾದ ಥಾಮಸ್‌ಗೆ ಕೋಣೆ ಕೊಡಲಿಲ್ಲ. ವಾದಿಸಿ ತನ್ನ ಕೋಣೆಯಲ್ಲೇ ಮಂಚ ಹಾಕಿಸಿದಾಗ, ಆ ಹುಡುಗ ಅಳುತ್ತಾ ತನ್ನ ಕೈಯ ಚರ್ಮ ಕಿತ್ತುಹಾಕುವಂತೆ ಉಜ್ಜಿಕೊಳ್ಳುತ್ತಿದ್ದನಂತೆ. ಹೇಳುತ್ತಾ ಹೇಳುತ್ತಾ ಕಥೆಗೆ ಬಣ್ಣ ಏರಿರಬಹುದು. ಕಪ್ಪು ಪ್ರೇಕ್ಷಕರ ಟಿಕೆಟ್ ಹಣವೂ, ಗೆಲ್ಲುವ ಆಸೆಯೂ ಲೆಕ್ಕದಲ್ಲಿದ್ದವು. ಒಂದು ಕಾರಣ ಇನ್ನೊಂದನ್ನು ಸುಳ್ಳಾಗಿಸಬೇಕಿಲ್ಲ.

ಆ ದಿನ ಸುಮಾರು ಮೂರು ಗಂಟೆ ಮಾತು ನಡೆಯಿತು. ರಿಕಿ ಕೋಟು ಬಿಚ್ಚಿ ಹೋಟೆಲ್ ಗುಮಾಸ್ತನಾದರು, ರೈಲಿನ ಸಿಬ್ಬಂದಿಯಾದರು, ಎದುರಾಳಿ ಆಟಗಾರನಾಗಿ ಮುಖಕ್ಕೆ ಮುಷ್ಟಿ ಬೀಸಿದರು, ಕೇಳಬಾರದ ಬೈಗುಳ ಬೈದರು. ತಿರುಗಿ ಹೊಡೆಯಲು ಹೆದರುವವನು ಬೇಕೇ ಎಂದು ರಾಬಿನ್ಸನ್ ಕೇಳಿದರು. ಹೊಡೆಯದೆ ಇರುವ ಎದೆಗಾರಿಕೆ ಬೇಕು ಎಂಬುದು ರಿಕಿಯ ಉತ್ತರದ ಸಾರ. ಆ ಮೌನದ ಬೆಲೆ ತೆತ್ತದ್ದು ರಿಕಿಯಲ್ಲ, ರಾಬಿನ್ಸನ್. 1947ರ ಏಪ್ರಿಲ್ 15ರಂದು ಎಬೆಟ್ಸ್ ಫೀಲ್ಡ್‌ನಲ್ಲಿ ಅವರು ಡಾಡ್ಜರ್ಸ್ ಪರ ಕಣಕ್ಕಿಳಿದರು.

ಇನ್ನೊಂದು ಮಾತು ಸೇರಿಸದಿದ್ದರೆ ಚರಿತ್ರೆ ಅರ್ಧವಾಗುತ್ತದೆ. ರಾಬಿನ್ಸನ್ ಅದಕ್ಕೆ ಮೊದಲು ಆಡುತ್ತಿದ್ದದ್ದು ಕಪ್ಪು ಆಟಗಾರರ ಲೀಗಿನ ಕ್ಯಾನ್ಸಸ್ ಸಿಟಿ ಮೊನಾರ್ಕ್ಸ್ ತಂಡಕ್ಕೆ. ಆ ತಂಡಕ್ಕೆ ರಿಕಿ ಒಂದು ಡಾಲರನ್ನೂ ಕೊಡಲಿಲ್ಲ. ಪ್ರತಿಭಾವಂತರು ಒಬ್ಬೊಬ್ಬರಾಗಿ ಹೊರಟ ಮೇಲೆ ಆ ಲೀಗುಗಳು ಕೆಲವೇ ವರ್ಷಗಳಲ್ಲಿ ಸೊರಗಿದವು.

1965ರ ನವೆಂಬರ್ 13ರಂದು ಮಿಸ್ಸೌರಿಯ ಕೊಲಂಬಿಯಾದಲ್ಲಿ ಸನ್ಮಾನ ಸ್ವೀಕರಿಸಿ ಮಾತಿಗೆ ನಿಂತ ರಿಕಿ, ಧೈರ್ಯದ ಕುರಿತು ಬೈಬಲ್ಲಿನ ಕಥೆಯೊಂದನ್ನು ಹೇಳುತ್ತಾ ಅರ್ಧಕ್ಕೇ ಕುಸಿದರು. ಡಿಸೆಂಬರ್ 9ರಂದು ತೀರಿಕೊಂಡರು.