ಎಲ್ಲೆ ಮತ್ತು ಕಾಯಿದೆ: ಸೋಲಿಗರ ಅರಣ್ಯ ನಿಯಮಗಳ ಚರಿತ್ರೆ

ಸರ್ಕಾರಿ ಅರಣ್ಯದ ನಿಯಮಗಳನ್ನು ಯಾರು ರಚಿಸಬೇಕು ಎಂಬ ಪ್ರಶ್ನೆಯನ್ನು ಚರಿತ್ರೆಯ ಬರವಣಿಗೆ ಸಾಮಾನ್ಯವಾಗಿ ಕಾಯಿದೆಗಳಿಂದ ಆರಂಭಿಸುತ್ತದೆ. ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನಬೆಟ್ಟದ ಸೋಲಿಗರ ಮೌಖಿಕ ಪರಂಪರೆಯನ್ನು ಆಕರವಾಗಿ ಸ್ವೀಕರಿಸಿದಾಗ ಈ ಆರಂಭಬಿಂದುವೇ ಬದಲಾಗುತ್ತದೆ. ಅಲ್ಲಿ ನಿಯಮ ಮೊದಲು, ಕಾಯಿದೆ ಅನಂತರ.

ಸೋಲಿಗರಲ್ಲಿ ಪ್ರತಿಯೊಂದು ಕುಲಕ್ಕೂ ಕಾಡಿನಲ್ಲಿ ತನ್ನದೇ ಆದ 'ಎಲ್ಲೆ' ಇದೆ. ಎಲ್ಲೆಯೆಂದರೆ ಕೇವಲ ಗಡಿಯಲ್ಲ. ಅದು ಹೊಣೆಗಾರಿಕೆಯ ವಲಯ. ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ಐದು ಬಗೆಯ ಪವಿತ್ರ ತಾಣಗಳು ಅದನ್ನು ಗುರುತಿಸುತ್ತವೆ. ಜೇನು ಕೀಳುವವರು ಒಂದು ಪಾಲನ್ನು ಹುಟ್ಟಿನಲ್ಲಿಯೇ ಬಿಟ್ಟು ಬರುವುದು, ಒಣ ತರಗನ್ನು ಬೇಸಿಗೆ ಬಲಿಯುವ ಮುನ್ನವೇ ತೆಳುವಾಗಿ ಸುಡುವ 'ತರಗು ಬೆಂಕಿ' ಮುಂತಾದವು ಈ ವ್ಯವಸ್ಥೆಯ ಅಲಿಖಿತ ವಿಧಿಗಳು. ಹಾಡು, ಕಥನ ಮತ್ತು ಆಚರಣೆಗಳು ಇವುಗಳ ದಾಖಲೆಗಳಾಗಿವೆ.

1974ರಲ್ಲಿ ಈ ಪ್ರದೇಶ ಅಭಯಾರಣ್ಯವಾದ ಬಳಿಕ ಕಾಡಿನೊಳಗೆ ಸ್ಥಳ ಬದಲಾಯಿಸುತ್ತ ಬೇಸಾಯ ಮಾಡುತ್ತಿದ್ದ ಸೋಲಿಗರು ಸ್ಥಿರ ಪೋಡುಗಳಲ್ಲಿ ನೆಲೆಗೊಳ್ಳಬೇಕಾಯಿತು. ತರಗು ಬೆಂಕಿ ಅಪರಾಧವಾಯಿತು. ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2002ರಲ್ಲಿ ಬಂದ ತಿದ್ದುಪಡಿಯ ಪರಿಣಾಮವಾಗಿ ಜೇನು, ನೆಲ್ಲಿ, ಪಾಚಿ ಮೊದಲಾದವುಗಳನ್ನು ಸಂಗ್ರಹಿಸಿ ಮಾರುವುದಕ್ಕೂ ನಿಷೇಧ ಒದಗಿತು. ಈ ಯಾವ ನಿಯಮದ ರಚನೆಯಲ್ಲಿಯೂ ಪೋಡಿನ ಅಭಿಪ್ರಾಯಕ್ಕೆ ಸ್ಥಾನವಿರಲಿಲ್ಲ. ನೆಲ್ಲಿಮರಗಳಿಗೆ 'ಉಪ್ಪಿಲು' ಎಂಬ ಬಂದಳಿಕೆ ಹೆಚ್ಚಿದ್ದಕ್ಕೂ ಲಂಟಾನ ಹಬ್ಬಿದ್ದಕ್ಕೂ ಬೆಂಕಿಯ ನಿಷೇಧವೇ ಕಾರಣವೆಂದು ಸೋಲಿಗ ಹಿರಿಯರು ವಿವರಿಸುತ್ತಾರೆ. ಈ ವಿವರಣೆಯನ್ನು ಪರಿಸರ ವಿಜ್ಞಾನಿಗಳು ಗಂಭೀರವಾಗಿ ಪರಿಶೀಲಿಸಿದ್ದು ಬಹಳ ತಡವಾಗಿ.

2006ರ ಅರಣ್ಯ ಹಕ್ಕು ಕಾಯಿದೆ ಈ ಸಂಬಂಧವನ್ನು ಪಲ್ಲಟಗೊಳಿಸಿತು. ಕಾಯಿದೆಯ ರಚನೆಯೂ ಬಹಿರಂಗ ಚರ್ಚೆಗೆ ಒಳಗಾಗಿತ್ತು. ಮಸೂದೆಯನ್ನು ಜಂಟಿ ಸಂಸದೀಯ ಸಮಿತಿ ಪರಿಶೀಲಿಸಿತು. 2007ರಲ್ಲಿ ಕರಡು ನಿಯಮಗಳನ್ನು ಸಾರ್ವಜನಿಕರ ಆಕ್ಷೇಪಣೆ, ಸಲಹೆಗಳಿಗಾಗಿ ಪ್ರಕಟಿಸಲಾಯಿತು. ಆದರೆ ಅಭಿಪ್ರಾಯ ಕೇಳುವುದಕ್ಕಿಂತ ಮುಖ್ಯವಾದುದು ಕಾಯಿದೆಯ 5ನೆಯ ಪ್ರಕರಣ. ಸಮುದಾಯ ಅರಣ್ಯ ಸಂಪನ್ಮೂಲದ ಬಳಕೆಯನ್ನು ನಿಯಂತ್ರಿಸುವ, ಅದಕ್ಕೆ ಹಾನಿ ತರುವ ಚಟುವಟಿಕೆಯನ್ನು ತಡೆಯುವ ಅಧಿಕಾರವನ್ನು ಅದು ಗ್ರಾಮಸಭೆಗೆ ನೀಡಿತು. ಸಲಹೆ ನೀಡುವವರು ನಿಯಮ ರೂಪಿಸುವವರಾದರು.

2011ರ ಜನವರಿಯಲ್ಲಿ ಬಿಳಿಗಿರಿರಂಗನಬೆಟ್ಟವು ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾಯಿತು. ಅದೇ ವರ್ಷ ಅಕ್ಟೋಬರ್ 2ರಂದು 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರಗಳು ದೊರೆತವು. ಹುಲಿ ಸಂರಕ್ಷಿತ ಪ್ರದೇಶವೊಂದರಲ್ಲಿ ಇಂತಹ ಹಕ್ಕಿಗೆ ಮಾನ್ಯತೆ ದೊರೆತದ್ದು ದೇಶದಲ್ಲಿಯೇ ಮೊದಲು. ಪವಿತ್ರ ತಾಣಗಳನ್ನು ಸೋಲಿಗರು ಸಂಶೋಧಕರೊಡನೆ ಸೇರಿ ನಕ್ಷೆಗೆ ಇಳಿಸಿದರು. ಬಾಯಿಮಾತಿನಲ್ಲಿದ್ದ ಎಲ್ಲೆ ಹೀಗೆ ಕಾಗದದ ಪುರಾವೆಯೂ ಆಯಿತು.

ಆದರೆ ವೈರುಧ್ಯ ಕೊನೆಗೊಂಡಿಲ್ಲ. ಅಭಯಾರಣ್ಯದಲ್ಲಿ ಬೆಂಕಿ ಹಚ್ಚುವುದನ್ನು ವನ್ಯಜೀವಿ ಕಾಯಿದೆ ನಿಷೇಧಿಸುತ್ತದೆ. ಅರಣ್ಯವನ್ನು ಸಂರಕ್ಷಿಸಿ ನಿರ್ವಹಿಸುವ ಹಕ್ಕನ್ನು ಅರಣ್ಯ ಹಕ್ಕು ಕಾಯಿದೆ ಗ್ರಾಮಸಭೆಗೆ ಕೊಡುತ್ತದೆ. ಸೋಲಿಗರ ದೃಷ್ಟಿಯಲ್ಲಿ ತರಗು ಬೆಂಕಿಯೇ ಒಂದು ನಿರ್ವಹಣಾ ವಿಧಾನ. ತಾಣವನ್ನು ಮಾನ್ಯ ಮಾಡಿ, ಆ ತಾಣದೊಡನೆ ಬೆಳೆದುಬಂದ ವಿಧಿಯನ್ನು ಹೊರಗಿಟ್ಟರೆ ಜಾನಪದವು ನಕ್ಷೆಯ ಅಲಂಕಾರವಾಗಿ ಉಳಿಯುತ್ತದೆ. ಸಾರ್ವಜನಿಕ ಸಹಭಾಗಿತ್ವವೆಂದರೆ ಸಿದ್ಧವಾದ ಕರಡಿನ ಮೇಲೆ ಅಭಿಪ್ರಾಯ ಪಡೆಯುವುದಷ್ಟೇ ಅಲ್ಲ, ಈಗಾಗಲೇ ಬಾಳುತ್ತಿರುವ ನಿಯಮವನ್ನು ನಿಯಮವೆಂದು ಒಪ್ಪುವುದೂ ಹೌದು ಎಂಬುದು ಸೋಲಿಗರ ಎಲ್ಲೆಯ ಚರಿತ್ರೆಯಿಂದ ವ್ಯಕ್ತವಾಗುತ್ತದೆ.