ಉಪ್ಪು ಮತ್ತು ನೀರು: ಎರಡು ಬಗೆಯ ಬಂಧ

ಹೊರಕವಚದಲ್ಲಿ 8 ಎಲೆಕ್ಟ್ರಾನ್‌ಗಳಿದ್ದರೆ ಪರಮಾಣು ಸಾಮಾನ್ಯವಾಗಿ ಸ್ಥಿರ. ಹೈಡ್ರೋಜನ್‌ಗೆ 2 ಸಾಕು. ಈ ಸ್ಥಿರತೆಗೆ ಮುಖ್ಯವಾಗಿ ಎರಡು ದಾರಿಗಳಿವೆ.

ಅಯಾನಿಕ ಬಂಧ: ಎಲೆಕ್ಟ್ರಾನಿನ ವರ್ಗಾವಣೆ
ಸೋಡಿಯಂನ 11 ಎಲೆಕ್ಟ್ರಾನ್‌ಗಳಲ್ಲಿ ಹೊರಕವಚದಲ್ಲಿರುವುದು ಒಂದೇ. ಕ್ಲೋರಿನ್‌ನ ಹೊರಕವಚದಲ್ಲಿ 7 ಇವೆ, ಒಂದು ಕಡಿಮೆ. ಎಲೆಕ್ಟ್ರಾನ್ ಬಿಟ್ಟುಕೊಟ್ಟ ಸೋಡಿಯಂ ಧನ ಅಯಾನಾಗುತ್ತದೆ, ಪಡೆದ ಕ್ಲೋರಿನ್ ಕ್ಲೋರೈಡ್ ಎಂಬ ಋಣ ಅಯಾನಾಗುತ್ತದೆ. ಇವುಗಳ ನಡುವಿನ ವಿದ್ಯುತ್ ಆಕರ್ಷಣೆಯೇ ಅಯಾನಿಕ ಬಂಧ. ಅಡುಗೆ ಉಪ್ಪಿನ ಹರಳಿನಲ್ಲಿ ಪ್ರತಿ ಸೋಡಿಯಂ ಅಯಾನಿನ ಸುತ್ತ 6 ಕ್ಲೋರೈಡ್‌ಗಳು, ಪ್ರತಿ ಕ್ಲೋರೈಡಿನ ಸುತ್ತ 6 ಸೋಡಿಯಂಗಳು ಇರುತ್ತವೆ. ಹಿಡಿತ ಎಷ್ಟು ಬಿಗಿಯೆಂದರೆ, ಕಾಯಿಸಿದ ಉಪ್ಪು ದ್ರವವಾಗುವುದು 801 ಡಿಗ್ರಿ ಸೆಲ್ಸಿಯಸ್‌ನಲ್ಲಿ.

ಸಹವೇಲೆನ್ಸೀಯ ಬಂಧ: ಎಲೆಕ್ಟ್ರಾನಿನ ಹಂಚಿಕೆ
ಆಕ್ಸಿಜನ್‌ನ ಹೊರಕವಚದಲ್ಲಿ 6 ಎಲೆಕ್ಟ್ರಾನ್‌ಗಳಿವೆ. ಅದು ಎರಡು ಹೈಡ್ರೋಜನ್ ಪರಮಾಣುಗಳೊಡನೆ ಒಂದೊಂದು ಜೋಡಿ ಎಲೆಕ್ಟ್ರಾನ್ ಹಂಚಿಕೊಂಡಾಗ ನೀರಿನ ಅಣು ಸಿದ್ಧ. ಹೀಗೆ ಜೋಡಿಯಾಗಿ ಹಂಚಿಕೊಳ್ಳುವ ಕಲ್ಪನೆಯನ್ನು 1916ರಲ್ಲಿ ಮಂಡಿಸಿದವರು ಅಮೆರಿಕದ ರಸಾಯನ ವಿಜ್ಞಾನಿ ಗಿಲ್ಬರ್ಟ್ ಲೂಯಿಸ್.

ಉಪ್ಪು ನೀರಿನಲ್ಲಿ ಕರಗುವುದೇಕೆ?
ನೀರಿನ ಅಣುವಿನಲ್ಲಿ ಹಂಚಿಕೆ ಸಮಪಾಲಲ್ಲ. ಆಕ್ಸಿಜನ್ ಎಲೆಕ್ಟ್ರಾನ್‌ಗಳನ್ನು ತನ್ನತ್ತ ಹೆಚ್ಚು ಸೆಳೆಯುವುದರಿಂದ ಆ ಬದಿ ತುಸು ಋಣ, ಹೈಡ್ರೋಜನ್ ಬದಿ ತುಸು ಧನ. ಋಣ ಬದಿ ಸೋಡಿಯಂ ಅಯಾನುಗಳನ್ನೂ ಧನ ಬದಿ ಕ್ಲೋರೈಡ್ ಅಯಾನುಗಳನ್ನೂ ಎಳೆದು ಹರಳಿನಿಂದ ಬೇರ್ಪಡಿಸುತ್ತವೆ. ಹೀಗೆ ಬಿಡಿಯಾಗಿ ಚಲಿಸುವ ಅಯಾನುಗಳಿಂದಲೇ ಉಪ್ಪುನೀರಿನಲ್ಲಿ ವಿದ್ಯುತ್ ಹರಿಯುತ್ತದೆ.

ಮನೆಯಲ್ಲಿ ಪುಡಿ ಉಪ್ಪಿನ ಕೆಲವು ಕಣಗಳನ್ನು ಭೂತಗನ್ನಡಿಯಲ್ಲಿ ನೋಡಿ. ಅವುಗಳ ಘನಾಕಾರ ಅಯಾನುಗಳ ಕ್ರಮಬದ್ಧ ಜೋಡಣೆಯ ಫಲ.