ನಲ್ಲಾರ್ಬರ್ ದಾರಿಯಲ್ಲಿ ಒಂದು ಹಳೆಯ ಪಾಠ

ನನ್ನ ಬಳಿ ಓದಿದವರಿಗೆ ಎಡ್ವರ್ಡ್ ಜಾನ್ ಐರ್ ಎಂಬ ಹೆಸರು ನೆನಪಿರಬಹುದು. ಆಸ್ಟ್ರೇಲಿಯಾ ಖಂಡದ ಪಾಠ ಬಂದಾಗ ನಕ್ಷೆಯಲ್ಲಿ ಐರ್ ಸರೋವರವನ್ನು ಗುರುತಿಸಿ, ಪಠ್ಯಪುಸ್ತಕವನ್ನು ಮುಚ್ಚಿಡಿಸಿ, ಆ ಹೆಸರಿನ ಹಿಂದಿರುವ ಕಥೆಯನ್ನು ಹೇಳುವುದು ನನ್ನ ರೂಢಿಯಾಗಿತ್ತು. ನೀರಿಲ್ಲದ ಬಯಲು, ನಡುರಾತ್ರಿಯ ಒಂದು ಕೊಲೆ, ಒಬ್ಬಂಟಿ ವೀರ, ನಂಬಿಗಸ್ತ ಸೇವಕ. ಕೊನೆಯ ಬೆಂಚಿನವರೂ ಕಿವಿಗೊಡುತ್ತಿದ್ದ ಅಪರೂಪದ ಪಾಠಗಳಲ್ಲಿ ಅದೂ ಒಂದು. ಆ ಕಥೆಯನ್ನು ನಾನು ಹೇಳಿದ ರೀತಿ ಸರಿಯಿರಲಿಲ್ಲ. ಅದನ್ನು ನಿಮಗೆ ತಿಳಿಸುವ ಋಣ ನನ್ನ ಮೇಲೆ ಉಳಿದಿದೆ.

ನಿವೃತ್ತನಾದ ಮರುವರ್ಷ, 2019ರ ಆಗಸ್ಟ್ ತಿಂಗಳಲ್ಲಿ, ಅಡಿಲೇಡಿನಲ್ಲಿರುವ ಮಗನ ಮನೆಗೆ ನಾನೂ ನನ್ನಾಕೆಯೂ ಹೋಗಿದ್ದೆವು. ಕಡಲಂಚಿನ ಹಾದಿ ಹಿಡಿದು ಪಶ್ಚಿಮದ ಆಲ್ಬನಿಯವರೆಗೆ ಡೇರೆ ಹಾಕಿಕೊಂಡು ಹೋಗೋಣವೆಂದು ಮಗ ಹೊರಡಿಸಿದ. ಮಗ, ಸೊಸೆ, ಏಳು ವರ್ಷದ ಮೊಮ್ಮಗಳು, ನಾವಿಬ್ಬರು. ಎರಡು ಡೇರೆ, ಒಂದು ಗ್ಯಾಸ್ ಒಲೆ, ಅಕ್ಕಿಯ ಚೀಲ, ನೀರಿನ ಕ್ಯಾನುಗಳು. ಸೆಡೂನಾ ಎಂಬ ಊರು ದಾಟಿದ ಮೇಲೆ ನಾರ್ಸ್‌ಮನ್‌ವರೆಗೆ ಸುಮಾರು 1,200 ಕಿಲೋಮೀಟರು ಊರೆನ್ನಬಹುದಾದ ಊರಿಲ್ಲ. ಪೆಟ್ರೋಲು, ಚಹ, ತಂಗಲು ಜಾಗ ಇರುವ ರೋಡ್‌ಹೌಸುಗಳು ಅಲ್ಲೊಂದು ಇಲ್ಲೊಂದು ಬರುತ್ತವೆ. ಪೆಟ್ರೋಲು ಸಿಗುತ್ತದೆ, ಕುಡಿಯುವ ನೀರನ್ನು ಮಾತ್ರ ನೀವೇ ಹೊತ್ತು ತನ್ನಿ ಎನ್ನುವ ಸೀಮೆ ಅದು. ಈ ರಸ್ತೆಯ ಹೆಸರು ಐರ್ ಹೈವೇ. ನಕ್ಷೆಯಲ್ಲಿ ಆ ಹೆಸರನ್ನು ಕಂಡೊಡನೆ ನನಗೆ ನನ್ನ ತರಗತಿ ನೆನಪಾಯಿತು. ಮೊಮ್ಮಗಳಿಗೆ ಅದೇ ಕಥೆಯನ್ನು ಅದೇ ಧಾಟಿಯಲ್ಲಿ ಹೇಳತೊಡಗಿದೆ.

ನಲ್ಲಾರ್ಬರ್ ಎಂದರೆ ಲ್ಯಾಟಿನ್ ಭಾಷೆಯಲ್ಲಿ ಮರವಿಲ್ಲದ್ದು ಎಂದರ್ಥ. ಸುಮಾರು 2,00,000 ಚದರ ಕಿಲೋಮೀಟರಿನ ಸುಣ್ಣಕಲ್ಲಿನ ಹಾಸು ಅದು. ಬಿದ್ದ ಅಲ್ಪ ಮಳೆಯೂ ಕಲ್ಲಿನ ಬಿರುಕುಗಳೊಳಗೆ ಇಳಿದುಹೋಗುವುದರಿಂದ ಹೊಳೆಯಿಲ್ಲ, ಹಳ್ಳವಿಲ್ಲ. ದಕ್ಷಿಣದಲ್ಲಿ ಬಯಲು ಕತ್ತಿಯಿಂದ ಕಡಿದಂತೆ ನಿಂತುಬಿಡುತ್ತದೆ. ಕೆಳಗೆ, 200 ಅಡಿಗೂ ಮಿಗಿಲಾದ ಆಳದಲ್ಲಿ ಗ್ರೇಟ್ ಆಸ್ಟ್ರೇಲಿಯನ್ ಬೈಟ್ ಎಂಬ ಮಹಾಕೊಲ್ಲಿ. ಆ ಕೊಲ್ಲಿಯ ತಲೆಯಲ್ಲಿ ನಿಂತು, ಮರಿಗಳೊಡನೆ ಬಂದಿದ್ದ ತಿಮಿಂಗಿಲಗಳನ್ನು ನೋಡಿದೆವು. ಚಳಿಗಾಲದಲ್ಲಿ ಅವು ಮರಿ ಹಾಕಲು ಅಲ್ಲಿಗೆ ಬರುತ್ತವೆ. ಮೊಮ್ಮಗಳು ಎಣಿಸಿದಳು, ನನಗೆ ಎಣಿಸುವ ಮನಸ್ಸೇ ಬರಲಿಲ್ಲ.

ಐರ್ ಇಲ್ಲಿಗೆ ಬಂದದ್ದು 1841ರಲ್ಲಿ. ಅದೇ ಫೆಬ್ರವರಿ 25ರಂದು ಅವನು ಫೌಲರ್ಸ್ ಬೇ ಎಂಬಲ್ಲಿಂದ ಪಶ್ಚಿಮಕ್ಕೆ ಹೊರಟ. ಜತೆಯಲ್ಲಿ ಜಾನ್ ಬ್ಯಾಕ್ಸ್ಟರ್ ಎಂಬ ಮೇಲ್ವಿಚಾರಕ, ವೈಲಿ, ಜೋಯಿ, ಯಾರ್ರಿ ಎಂಬ ಮೂವರು ಮೂಲನಿವಾಸಿಗಳು, ಕೆಲವು ಕುದುರೆ, ಕೆಲವು ಕುರಿ. ಅಂದರೆ ಐದು ಮಂದಿ. ಐದು ಮಂದಿ ಹೊರಟ ಪಯಣವನ್ನು ನಾನು ಅಷ್ಟು ವರ್ಷ ‘ಒಬ್ಬಂಟಿಯಾಗಿ ದಾಟಿದ’ ಎಂದೇ ಹೇಳಿಕೊಂಡು ಬಂದಿದ್ದೆ. ನನ್ನ ಟಿಪ್ಪಣಿಯಲ್ಲಿ ಹಾಗಿತ್ತು, ನಿಮ್ಮಲ್ಲಿ ಅನೇಕರು ಹಾಗೆಯೇ ಬರೆದುಕೊಂಡಿದ್ದೀರಿ.

ನನ್ನ ಕಥೆಯ ಎರಡನೆಯ ದೋಷವನ್ನು ಹಿಡಿದವಳು ನನ್ನಾಕೆ. ಪಶ್ಚಿಮ ಆಸ್ಟ್ರೇಲಿಯಾದ ಗಡಿಯಲ್ಲಿ ಹಣ್ಣು, ತರಕಾರಿ, ಜೇನುತುಪ್ಪ ಒಳಗೆ ಬಾರದಂತೆ ತಪಾಸಣೆ ಮಾಡುತ್ತಾರೆ. ಜತನದಿಂದ ತಂದಿದ್ದ ಕರಿಬೇವನ್ನು ಅಲ್ಲಿ ಒಪ್ಪಿಸಿ ಬಂದ ದುಃಖದಲ್ಲಿ ಅವಳಿದ್ದಳು. ಗಡಿ ದಾಟಿ ಹತ್ತು ಹನ್ನೆರಡು ಕಿಲೋಮೀಟರಿಗೆ ಯೂಕ್ಲಾ ಬರುತ್ತದೆ. ಅಲ್ಲಿ 1877ರಲ್ಲಿ ತೆರೆದ ತಂತಿ ಕಚೇರಿಯ ಕಲ್ಲುಗೋಡೆಗಳು ಮರಳ ದಿಬ್ಬಗಳ ನಡುವೆ ಅರ್ಧ ಹೂತು ನಿಂತಿವೆ. ಐರ್ ದಿನಗಟ್ಟಲೆ ನೀರು ಕಾಣದೆ ನಡೆದು, ಕುದುರೆಗಳು ಸೋತು, ಇಂಥ ಮರಳ ದಿಬ್ಬಗಳಲ್ಲಿ ಮೂಲನಿವಾಸಿಗಳು ತೋಡಿದ ಗುಂಡಿಗಳನ್ನು ಕಂಡು, ಅಲ್ಲಿಯೇ ಅಗೆದು ಬದುಕಿಕೊಂಡ. ಕಡಲ ಪಕ್ಕದ ಮರಳಿನಲ್ಲಿ ಸಿಹಿನೀರು ಸಿಕ್ಕಿದ್ದನ್ನು ನಾನು ಪವಾಡವೆಂಬಂತೆ ವರ್ಣಿಸಿದೆ.

“ಪವಾಡ ಏನು ಬಂತು? ಅದು ಒರತೆ ಅಲ್ಲವೆ?” ಎಂದಳು ನನ್ನಾಕೆ.

ಅವಳ ತವರು ಚಳ್ಳಕೆರೆಯ ಕಡೆ. ಬೇಸಗೆಯಲ್ಲಿ ವೇದಾವತಿಯ ಒಣ ಪಾತ್ರದಲ್ಲಿ ಒರತೆ ತೋಡಿ, ತೆಂಗಿನ ಚಿಪ್ಪಿನಿಂದ ನೀರು ಮೊಗೆದು ಕೊಡ ತುಂಬಿಸಿದವಳು. ಎಲ್ಲಿ ತೋಡಬೇಕೆಂಬುದು ಊರಿನ ಹೆಂಗಸರಿಗೆ ಗೊತ್ತಿರುತ್ತದೆ. ಹೊಸಬರು ತೋಡಿದರೆ ಬರೀ ಮರಳು ಎಂದಳು. ಕಡಲ ಬದಿಯ ದಿಬ್ಬಗಳಲ್ಲಿ ಇನ್ನೊಂದು ಎಚ್ಚರವೂ ಬೇಕು. ಅಲ್ಲಿ ಮಳೆಯ ಸಿಹಿನೀರು ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದೆ. ಅಳತೆ ಮೀರಿ ಅಗೆದರೆ ಉಪ್ಪು ಬೆರೆಯುತ್ತದೆ. ಇದೆಲ್ಲ ತಲೆಮಾರುಗಳ ತಿಳಿವಳಿಕೆ. ಕೊಲ್ಲಿಯ ತಲೆಯ ಬಳಿ ಐರನಿಗೆ ಮುಂದಿನ ನೀರಿನ ಸುಳಿವು ಕೊಟ್ಟವರೂ ಅಲ್ಲಿನ ಜನರೇ. ಕೆಲವು ಮರಗಳ ಬೇರನ್ನು ಕಡಿದು ನಿಲ್ಲಿಸಿದರೆ ನೀರು ಬಸಿಯುತ್ತದೆ ಎಂಬುದನ್ನು ಅವನು ಕಲಿತದ್ದೂ ಅವರಿಂದಲೇ. ಐರ್ ತನ್ನ 1845ರ ಪುಸ್ತಕದಲ್ಲಿ ಇದನ್ನೆಲ್ಲ ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ. ಬಿಟ್ಟುಬಿಟ್ಟವನು ನಾನು. ಮಲೆನಾಡಿನ ಮಳೆಯಲ್ಲಿ ಬೆಳೆದ ನನಗೆ ‘ನೀರಿಲ್ಲದ ನಾಡು’ ಎಂದರೆ ಜನರಿಲ್ಲದ ನಾಡು ಎಂದೇ ಕೇಳಿಸಿತ್ತು.

ಮುಂದೆ ಮಡೂರಾ ಎಂಬ ರೋಡ್‌ಹೌಸು. ಹೆಸರು ಕೇಳಿ ಮಧುರೆಯೇ ಬಂತೇನೋ ಎಂದುಕೊಂಡೆವು. ಬ್ರಿಟಿಷ್ ಇಂಡಿಯಾದ ಸೈನ್ಯಕ್ಕಾಗಿ ಕುದುರೆ ಸಾಕಲು 1876ರ ಸುಮಾರಿಗೆ ನೆಲೆಗೊಂಡ ಜಾಗವಂತೆ.

ಕೈಗೂನಾ ಬಳಿ ಒಂದು ರಾತ್ರಿ ಡೇರೆ ಹಾಕಿದೆವು. ಬ್ಯಾಕ್ಸ್ಟರ್ ಸತ್ತದ್ದು ಅಲ್ಲಿಂದ ದಕ್ಷಿಣಕ್ಕೆ, ಕಡಲಂಚಿನಲ್ಲಿ. ಅಲ್ಲೊಂದು ಸ್ಮಾರಕವಿದೆ. 1841ರ ಏಪ್ರಿಲ್ 29ರ ರಾತ್ರಿ ಐರ್ ಕುದುರೆಗಳನ್ನು ಕಾಯುತ್ತಿದ್ದಾಗ ಗುಂಡಿನ ಸದ್ದು ಕೇಳಿತು. ವೈಲಿ ಓಡಿಬಂದ. ಬ್ಯಾಕ್ಸ್ಟರ್ ಸಾಯುತ್ತಿದ್ದ, ಜೋಯಿ, ಯಾರ್ರಿ ಇಬ್ಬರೂ ಬಂದೂಕು, ರೊಟ್ಟಿಗಳೊಡನೆ ಮಾಯವಾಗಿದ್ದರು. ನೆಲವೆಲ್ಲ ಕಲ್ಲು, ಕುಣಿ ತೋಡಲೂ ಆಗದೆ ಹೆಣವನ್ನು ಕಂಬಳಿಯಲ್ಲಿ ಸುತ್ತಿ ಬಿಟ್ಟುಹೋದರು. ಇಷ್ಟನ್ನು ನಾನು ತರಗತಿಯಲ್ಲಿ ನಾಟಕೀಯವಾಗಿಯೇ ಹೇಳುತ್ತಿದ್ದೆ. ಅದಕ್ಕೆ ಕೆಲವು ದಿನ ಮುಂಚೆ ನಡೆದುದನ್ನು ಹೇಳುತ್ತಿರಲಿಲ್ಲ. ಆಹಾರದ ಪಾಲನ್ನು ಐರ್ ಕಡಿತಗೊಳಿಸಿದ್ದ. ಹಸಿವಿನಿಂದ ಆ ಹುಡುಗರಲ್ಲೊಬ್ಬನೂ ವೈಲಿಯೂ ಶಿಬಿರ ಬಿಟ್ಟುಹೋಗಿ, ಏನೂ ಸಿಗದೆ ಹಿಂದಿರುಗಿದ್ದರು. ನನ್ನ ‘ನಂಬಿಗಸ್ತ ಸೇವಕ’ನೂ ಒಮ್ಮೆ ಬಿಟ್ಟುಹೋದವನೇ! ಜೋಯಿ, ಯಾರ್ರಿ ಪೂರ್ವದ ದೂರದ ಸೀಮೆಯವರು. ಈ ನೆಲ ಅವರಿಗೂ ಪರದೇಶ. ಕೊಲೆಯ ಬಳಿಕ ಅವರು ವೈಲಿಯ ಹೆಸರನ್ನು ಕೂಗುತ್ತ ಹಿಂಬಾಲಿಸಿದರು. ವೈಲಿ ಓಗೊಡಲಿಲ್ಲ. ಮತ್ತೆ ಅವರನ್ನು ಐರ್ ಕಾಣಲಿಲ್ಲ. ಕೊಲೆಯನ್ನು ನಾನು ಸಮರ್ಥಿಸುತ್ತಿಲ್ಲ. ಆದರೆ ಆ ರಾತ್ರಿಯ ಬಗ್ಗೆ ನಮಗಿರುವ ಬರವಣಿಗೆ ಐರನದು. ಆ ಇಬ್ಬರ ಹೇಳಿಕೆಯನ್ನು ಯಾರೂ ಬರೆದುಕೊಳ್ಳಲಿಲ್ಲ.

ಡೇರೆಯ ಹೊರಗೆ ಗಾಳಿ ಬೀಸುತ್ತಿತ್ತು. ಮೊಮ್ಮಗಳು ಕೂಗಿನ ಪ್ರಸಂಗಕ್ಕೆ ಹೆದರಿ ಅಜ್ಜಿಯ ಮಗ್ಗುಲಿಗೆ ಸರಿದಳು. ಮಗನಿಂದ ನನಗೆ ಬೈಗುಳವಾಯಿತು.

ಉಳಿದ ದಾರಿಯನ್ನು ಐರ್ ಮತ್ತು ವೈಲಿ ಇಬ್ಬರೇ ನಡೆದರು. ಜೂನ್ 2ರಂದು ಈಗಿನ ಎಸ್ಪರೆನ್ಸ್ ಊರಿನ ಬಳಿ ಮಿಸಿಸಿಪಿ ಎಂಬ ಫ್ರೆಂಚ್ ತಿಮಿಂಗಿಲ ಬೇಟೆಯ ಹಡಗು ಕಂಡಿತು. ಅದರ ಕಪ್ತಾನ ರಾಸಿಟರ್ ಆಂಗ್ಲನು. ಸುಮಾರು ಹನ್ನೆರಡು ದಿನ ಆಶ್ರಯ ಕೊಟ್ಟು, ಬಟ್ಟೆ, ಆಹಾರ ಕೊಟ್ಟು ಕಳುಹಿಸಿದ. ಜುಲೈ 7ರಂದು ಅವರು ಮಳೆಯಲ್ಲಿ ಆಲ್ಬನಿ ಸೇರಿದರು. ವೈಲಿ ಆಲ್ಬನಿಯ ನೂಂಗಾರ್ ಜನಾಂಗದವನು. ಐರನಿಗೆ ಅದು ಅನ್ವೇಷಣೆ, ವೈಲಿಗೆ ಮನೆಗೆ ಮರಳುವ ದಾರಿ. ಸತ್ತುಹೋದನೆಂದುಕೊಂಡಿದ್ದ ಬಂಧುಗಳು ಅವನನ್ನು ಅಪ್ಪಿಕೊಂಡರು.

ಐರನಿಗೆ 1843ರಲ್ಲಿ ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿಯ ಚಿನ್ನದ ಪದಕ ಬಂತು. ವೈಲಿಗೆ ಆಲ್ಬನಿಯಲ್ಲಿ ಸರಕಾರದ ಪಡಿ ಸಿಕ್ಕಿತು. ಹೈವೇಗೆ ಒಬ್ಬನ ಹೆಸರು. ಎಸ್ಪರೆನ್ಸ್ ಬಳಿಯ ಒಂದು ಪುಟ್ಟ ಕೊಲ್ಲಿಗೆ ಇನ್ನೊಬ್ಬನದು.

ಐರನ ಮುಂದಿನ ಬದುಕನ್ನೂ ನಾನು ನಿಮಗೆ ಹೇಳಿರಲಿಲ್ಲ. ಆಗ ನನಗೇ ತಿಳಿದಿರಲಿಲ್ಲ. ಆಸ್ಟ್ರೇಲಿಯಾದ ಮೂಲನಿವಾಸಿಗಳ ಪರವಾಗಿ ಕನಿಕರದಿಂದ ಬರೆದ ಇದೇ ಮನುಷ್ಯ 1865ರಲ್ಲಿ ಜಮೈಕಾದ ಗವರ್ನರನಾಗಿದ್ದ. ಅಲ್ಲಿನ ಮಾರಂಟ್ ಬೇ ದಂಗೆಯನ್ನು ಅವನು ಅಡಗಿಸಿದಾಗ 400ಕ್ಕೂ ಹೆಚ್ಚು ಕರಿಯರು ಹತರಾದರು. ಶಾಸನಸಭೆಯ ಸದಸ್ಯ ಜಾರ್ಜ್ ವಿಲಿಯಂ ಗಾರ್ಡನ್ನನನ್ನು ಸೈನಿಕ ವಿಚಾರಣೆಯ ನೆಪದಲ್ಲಿ ಗಲ್ಲಿಗೇರಿಸಲಾಯಿತು. ಜಾನ್ ಸ್ಟುವರ್ಟ್ ಮಿಲ್ ಅವನ ಮೇಲೆ ಮೊಕದ್ದಮೆ ಹೂಡಲು ಹೋರಾಡಿದ, ಕಾರ್ಲೈಲ್ ಅವನ ಬೆನ್ನಿಗೆ ನಿಂತ. ಶಿಕ್ಷೆಯಾಗಲಿಲ್ಲ. ಮರಳಿನಲ್ಲಿ ಅನ್ಯರ ಒರತೆಯ ನೀರು ಕುಡಿದು ಬದುಕಿದವನು ಹೀಗಾದುದೇಕೆ ಎಂದು ಆಲ್ಬನಿಯ ಬಂದರಿನಲ್ಲಿ ಕುಳಿತು ಬಹಳ ಹೊತ್ತು ಯೋಚಿಸಿದೆ, ಉತ್ತರ ಹೊಳೆಯಲಿಲ್ಲ.

ನಿಮ್ಮಲ್ಲಿ ಯಾರಾದರೂ ಆ ಹಳೆಯ ನೋಟ್‌ಬುಕ್ಕನ್ನು ಇಟ್ಟುಕೊಂಡಿದ್ದರೆ, ದಯವಿಟ್ಟು ‘ಒಬ್ಬಂಟಿಯಾಗಿ’ ಎಂಬ ಪದವನ್ನು ಹೊಡೆದುಹಾಕಿ, ನಾಲ್ಕು ಹೆಸರು ಸೇರಿಸಿಕೊಳ್ಳಿ: ಬ್ಯಾಕ್ಸ್ಟರ್, ವೈಲಿ, ಜೋಯಿ, ಯಾರ್ರಿ. ‘ಸೇವಕ’ ಎಂಬುದನ್ನೂ ತೆಗೆಯಿರಿ. ಅದರ ಬದಲಿಗೆ ಏನು ಬರೆಯಬೇಕೆಂದು ಇನ್ನೂ ತೀರ್ಮಾನಿಸಿಲ್ಲ. ‘ಜತೆಗಾರ’ ಎನ್ನೋಣವೆಂದರೆ, ಆಹಾರದ ಪಾಲನ್ನು ನಿರ್ಧರಿಸುತ್ತಿದ್ದವನು ಐರ್ ಒಬ್ಬನೇ.